ಸಂಬಳ ನನ್ನದು, ಎಟಿಎಂ ಕಾರ್ಡ್ ಅವರ ಜೇಬಿನಲ್ಲಿ

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಹಳ್ಳಿಯಿಂದ ದಿನವೂ ಹಾಸನಕ್ಕೆ ಬಂದು ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಸಂಬಳ ನನ್ನ ಖಾತೆಗೆ ಬರುತ್ತದೆ. ಕಾರ್ಡ್ ಮದುವೆಯಾದಂದಿನಿಂದ ಗಂಡನ ಬಳಿಯಿದೆ. ಶಕ್ತಿ ಯೋಜನೆ ಬಂದ ಮೇಲೆ ‘ಬಸ್ ಪುಕ್ಕಟೆ, ನಿನಗೇಕೆ ದುಡ್ಡು?’ ಎಂದು ಚಿಲ್ಲರೆ ಕೊಡುವುದನ್ನೂ ನಿಲ್ಲಿಸಿದರು. ತವರಿಗೆ ಫೋನ್ ಮಾಡಿದರೆ ಸ್ಪೀಕರ್ ಹಾಕಿಸುತ್ತಾರೆ. ಅಮ್ಮನಿಗೆ ಹೇಳಿದರೆ, ‘ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಇನ್ನೇನು ಬೇಕು?’ ಎನ್ನುತ್ತಾರೆ. ದೂರು ಕೊಡಬಹುದೇ ಅಕ್ಕಾ? ಕೊಟ್ಟರೆ ಮನೆ ಬಿಡಬೇಕೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಕೊಡಬಹುದು ತಂಗಿ. ಮನೆ ಬಿಡಬೇಕಾಗಿಲ್ಲ.

ಹಾಸನದ ನ್ಯಾಯಾಲಯದಲ್ಲಿ ವಕೀಲಿ ಮಾಡುವ ನನ್ನ ಬಳಿಗೆ ಬರುವ ಹೆಣ್ಣುಮಕ್ಕಳಲ್ಲಿ ಅನೇಕರು ‘ಹೊಡೆದಿಲ್ಲ’ ಎಂದು ಗಂಡನ ಪರವಾಗಿಯೇ ಮಾತು ಆರಂಭಿಸುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಗೆಂದು 2005ರಲ್ಲಿ ಬಂದ ಕಾಯ್ದೆ ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ ಹಿಂಸೆಯ ಜೊತೆಗೆ ಆರ್ಥಿಕ ಹಿಂಸೆಯನ್ನೂ ಹೆಸರಿಸಿದೆ. ನಿಮ್ಮ ದುಡಿಮೆ ನಿಮ್ಮ ಕೈಗೆ ಸಿಗದಂತೆ ಮಾಡುವುದು ಅದರಲ್ಲಿ ಸೇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅದು ದೈಹಿಕ, ಲೈಂಗಿಕ ಹಿಂಸೆಯ ಲೆಕ್ಕ ಮಾತ್ರ. ನಿಮ್ಮಂಥವರು ಆ ಲೆಕ್ಕಕ್ಕೂ ಸಿಕ್ಕಿಲ್ಲ.

ಬ್ಯಾಂಕಿಗೆ ಹೋಗಿ ಕಾರ್ಡ್ ಬ್ಲಾಕ್ ಮಾಡಿಸುವುದು ಹತ್ತು ನಿಮಿಷದ ಕೆಲಸ. ಆದರೆ ಅವಸರ ಬೇಡ. ಹಿಡಿತ ಕೈತಪ್ಪುತ್ತಿದೆ ಎಂದು ಗೊತ್ತಾದಾಗಲೇ ಅದುವರೆಗೆ ಏಳದ ಕೈ ಏಳುವುದುಂಟು. ಮೊದಲು ಪಾಸ್‌ಬುಕ್, ಆಧಾರ್, ಸಂಬಳದ ಚೀಟಿಗಳ ನಕಲನ್ನು ನಂಬಿಕಸ್ಥ ಸಹೋದ್ಯೋಗಿಯ ಬಳಿ ಇಡಿ. ನಿಮ್ಮ ಮೊಬೈಲ್ ಬಿಟ್ಟು ಶಾಲೆಯ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಜೀವಕ್ಕೆ ಅಪಾಯವೆನಿಸಿದರೆ 112.

ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿ. ಅಂಗನವಾಡಿ ನೋಡಿಕೊಳ್ಳುವ ಕಚೇರಿ ಎಂದರೆ ಯಾರಾದರೂ ತೋರಿಸುತ್ತಾರೆ. ನೀವು ಹೇಳಿದ್ದನ್ನು ವರದಿಯಾಗಿ ಬರೆದು ಮ್ಯಾಜಿಸ್ಟ್ರೇಟರಿಗೆ ತಲುಪಿಸುವುದು ಅವರ ಕರ್ತವ್ಯ. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ನಿಮಗಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರು ಉಚಿತ. ಆದಾಯ ಎಷ್ಟೆಂದು ನೋಡುವುದಿಲ್ಲ.

ಅಮ್ಮನಿಗೆ ಈ ಉತ್ತರವನ್ನು ಓದಿ ಹೇಳಿ, ಸ್ಪೀಕರ್ ಇಲ್ಲದ ಕಡೆ.