ಪಿಂಗಾಣಿ ಬಟ್ಟಲಿನ ಮೇಲಿನ ಬಾವಲಿ ಅಪಶಕುನವೇ?

ದಾವಣಗೆರೆಯ ಕರಕುಶಲ ಮೇಳದಲ್ಲಿ ಕೊಂಡ ಬಟ್ಟಲಿನಲ್ಲಿ ಮೀನಿನ ಜೊತೆ ಬಾವಲಿಯೂ ಇದೆ, ಮನೆಯ ಹಿರಿಯರು ಬೇಡ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಧೈರ್ಯವಾಗಿ ಬಳಸಿ. ಆ ಬಾವಲಿ ಚೀನಾದ ಸಂಪ್ರದಾಯದ್ದು, ಅಲ್ಲಿ ಅದು ಶುಭ.

ಕಾರಣ ಉಚ್ಚಾರಣೆಯಲ್ಲಿದೆ. ಚೀನೀ ಭಾಷೆಯಲ್ಲಿ ಬಾವಲಿಯ ಹೆಸರಿನಲ್ಲಿರುವ ‘ಫು’ ಸೌಭಾಗ್ಯ ಎಂಬ ಪದದಂತೆಯೇ ಕೇಳಿಸುತ್ತದೆ. ಮೀನಿಗೆ ‘ಯೂ’, ಉಂಡು ಮಿಗುವಷ್ಟು ಇರುವುದಕ್ಕೂ ‘ಯೂ’. ಊಟದ ಬಟ್ಟಲಿಗೆ ಇದಕ್ಕಿಂತ ಒಳ್ಳೆಯ ಹಾರೈಕೆ ಬೇಕೇ? ಐದು ಬಾವಲಿಗಳಿದ್ದರೆ ಆಯುಷ್ಯ, ಸಂಪತ್ತು, ಆರೋಗ್ಯ, ಸದ್ಗುಣ, ಅನಾಯಾಸ ಮರಣ ಎಂಬ ಐದು ಭಾಗ್ಯಗಳು. ಪೈನ್, ಬಿದಿರು, ಪ್ಲಮ್ ಹೂ ಒಟ್ಟಿಗಿದ್ದರೆ ಅವು ‘ಚಳಿಗಾಲದ ಮೂವರು ಗೆಳೆಯರು’, ಕಷ್ಟದಲ್ಲೂ ಬಾಗದ ಗುಣದ ಗುರುತು. ಕಮಲದ ಅರ್ಥವನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಚಿತ್ರ ಕೈಯಲ್ಲಿ ಬರೆದದ್ದೇ ಎಂದು ತಿಳಿಯಲು ಎರಡು ಮೀನುಗಳನ್ನು ಬೆಳಕಿಗೆ ಹಿಡಿದು ಹೋಲಿಸಿ. ಕುಂಚ ನಿಂತ ಕಡೆ ಕೋಬಾಲ್ಟ್ ನೀಲಿ ಗಾಢವಾಗಿ, ಬಾಲದ ತುದಿಯಲ್ಲಿ ತೆಳುವಾಗಿ ಇರುತ್ತದೆ. ಒಂದು ಮೀನಿನಂತೆ ಇನ್ನೊಂದು ಇರುವುದಿಲ್ಲ. ನನಗೆ ಪ್ರಿಯವಾದದ್ದೇ ಆ ವ್ಯತ್ಯಾಸ.

ಪಾತ್ರೆಗೆ ಚಿತ್ತಾರ ಬರೆಯುವುದು ನಮ್ಮ ಸೀಮೆಗೂ ಹೊಸದಲ್ಲ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ನಡೆಸಿದ ಉತ್ಖನನದಲ್ಲಿ ಕೆಂಗಂದು ಲೇಪದ ಮೇಲೆ ಬಿಳಿ ಗೆರೆ ಎಳೆದ ಮಡಕೆ ಚೂರುಗಳು ಸಿಕ್ಕಿವೆ. ಹಿರಿಯರಿಗೆ ಇದನ್ನೂ ಹೇಳಿ, ಮೊದಲ ದಿನ ಆ ಬಟ್ಟಲಿನಲ್ಲಿ ಅವರಿಗೇ ಪಾಯಸ ಬಡಿಸಿ.