54 ನಿಮಿಷದ ಆಂಬಿಯೆಂಟ್ ಗಿಟಾರ್, 100 ಎಲ್‌ಪಿ: ಒತ್ತಿಸುವ ಮುಂಚೆ

54 ನಿಮಿಷದ ಆಂಬಿಯೆಂಟ್ (ಹಿನ್ನೆಲೆಯಲ್ಲಿ ಮೆಲ್ಲಗೆ ಹರಿಯುವ) ಗಿಟಾರ್ ಆಲ್ಬಮ್ ಒಂದೇ ಎಲ್‌ಪಿಯಲ್ಲಿ ಹಿಡಿಯುತ್ತದಾ, 100 ಪ್ರತಿ ಸಾಕಾ, ಕಲರ್ ವಿನೈಲ್ ಹಾಕಿಸಬಹುದಾ ಅಂತ ಕೇಳಿದ್ದೀರಿ. ಹಿಡಿಯುತ್ತದೆ. ಆದರೆ ಹಿಡಿಸಲು ಹೋಗಬೇಡಿ.

ಬದಿಗೆ 27 ನಿಮಿಷ ಬೀಳುತ್ತದೆ. 12 ಇಂಚಿನ ತಟ್ಟೆಗೆ 33⅓ ಆರ್‌ಪಿಎಂನಲ್ಲಿ 18ರಿಂದ 20 ನಿಮಿಷ ಆರಾಮ. 22 ದಾಟಿದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಅದಕ್ಕೆ ಕಟಿಂಗ್ ಎಂಜಿನಿಯರ್ (ಮೂಲ ತಟ್ಟೆಗೆ ಗೀರು ಕೊರೆಯುವವರು) ದನಿಯ ಮಟ್ಟ ಇಳಿಸುತ್ತಾರೆ. ಗದ್ದಲದ ರಾಕ್ ಆಗಿದ್ದರೆ ಹೇಗೋ ನಡೆಯುತ್ತಿತ್ತು. ನಿಮ್ಮದರಲ್ಲಿ ಮೌನವೇ ಜಾಸ್ತಿ. ಪ್ಲಾಸ್ಟಿಕ್ಕಿನ ಸರಸರ ಇದ್ದಷ್ಟೇ ಇರುತ್ತದೆ, ಗಿಟಾರ್ ಅದರಡಿ ಹೂತುಹೋಗುತ್ತದೆ. ಆಂಬಿಯೆಂಟ್ ಸಂಗೀತದ ಹಿರಿಯ ಬ್ರಯಾನ್ ಈನೊ 1975ರಲ್ಲೇ ಒಂದು ಬದಿಗೆ 30 ನಿಮಿಷ ಹಾಕಿದ್ದರಲ್ಲ ಅನ್ನಬಹುದು. ಆ ಸಂಗೀತದಲ್ಲಿ ಏರಿಳಿತ ಬಹಳ ಕಡಿಮೆ. ಮೇಲಾಗಿ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಹಾಕಿಕೊಳ್ಳಿ ಎಂದು ಅವರೇ ಬರೆದಿದ್ದಾರೆ! ಒಂದು ಟ್ರ್ಯಾಕ್ ಕೈಬಿಟ್ಟು 42 ನಿಮಿಷಕ್ಕೆ ತನ್ನಿ, ಬಿಟ್ಟದ್ದನ್ನು ಡೌನ್‌ಲೋಡ್ ಕೋಡ್‌ನಲ್ಲಿ ಕೊಡಿ.

ಟ್ರ್ಯಾಕ್‌ಗಳ ಕ್ರಮವನ್ನೂ ತಟ್ಟೆಯೇ ತೀರ್ಮಾನಿಸಲಿ. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೀರು ಹಾಯುತ್ತದೆ, ಲೇಬಲ್ ಹತ್ತಿರ 21 ಸೆಂ.ಮೀ. ಮಾತ್ರ. ಒಳಗೆ ಹೋದಷ್ಟೂ ಎತ್ತರದ ಸ್ವರ ಒಡೆಯುತ್ತದೆ. ಶಿಮರ್ ರಿವರ್ಬ್ (ಮೇಲಿನ ಸ್ವರ ಬೆರೆತ ಅನುರಣನ), ಈಬೋ (ತಂತಿಯನ್ನು ಎಡೆಬಿಡದೆ ಮಿಡಿಸುವ ಸಾಧನ), ಹೊಳಪಿನ ಪದರಗಳಿರುವ ಟ್ರ್ಯಾಕ್ ಬದಿಯ ಮೊದಲಿಗೆ ಬರಲಿ, ಮಂದವಾದದ್ದು ಕೊನೆಗೆ.

ಮಿಕ್ಸ್‌ನಲ್ಲಿ ದೊಡ್ಡ ಅಪಾಯ ಸ್ಟೀರಿಯೊ ಬೇಸ್. ಆಕ್ಟೇವ್ ಪೆಡಲ್ (ತಗ್ಗಿನ ಸ್ಥಾಯಿ ಸೇರಿಸುವುದು) ಹಾಕಿ, ಅದರ ಮೇಲೆ ಅಗಲವಾದ ಕೋರಸ್ ಎಫೆಕ್ಟ್ ಬಿಟ್ಟರೆ ಎಡ-ಬಲದ ತಗ್ಗು ಸ್ವರಗಳು ಒಂದಕ್ಕೊಂದು ವಿರುದ್ಧ ಫೇಸ್‌ಗೆ ಹೋಗುತ್ತವೆ, ಅಂದರೆ ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಆಗ ಗೀರು ಅಕ್ಕಪಕ್ಕಕ್ಕೆ ಬದಲು ಮೇಲೆ-ಕೆಳಗೆ ಆಡುತ್ತದೆ, ಕೆಲವೆಡೆ ತೆಳುವಾಗಿ ಸೂಜಿ ಹಾರುತ್ತದೆ. 150 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಮೋನೊ (ಎಡ-ಬಲ ಎರಡರಲ್ಲೂ ಒಂದೇ) ಮಾಡಿ. ಮೋನೊ ಬಟನ್ ಒತ್ತಿದಾಗ ಬೇಸ್ ಮಾಯವಾದರೆ ತಪ್ಪು ನಿಮ್ಮ ಮಿಕ್ಸ್‌ನಲ್ಲೇ ಇದೆ, ಕಟಿಂಗ್‌ಗೆ ಬಿಡಬೇಡಿ. 40 ಸೆಕೆಂಡಿನ ಫೇಡ್‌ಔಟ್‌ಗಳನ್ನು ಅರ್ಧ ಮಾಡಿ. ಕೊನೆಯ 20 ಸೆಕೆಂಡಿನಲ್ಲಿ ಕೇಳುಗರಿಗೆ ಸಿಗುವುದು ಚಟಪಟ ಸದ್ದೇ.

ಲಿಮಿಟರ್ (ಜೋರು ಸದ್ದನ್ನು ಅದುಮುವ ಸಾಧನ) ತೆಗೆದು, ಅತಿ ಜೋರಾದ ಪೀಕ್ −3 ಡಿಬಿ ಸುತ್ತ ಇಟ್ಟು, ರೆಕಾರ್ಡ್ ಮಾಡಿದ ಸ್ಯಾಂಪಲ್ ರೇಟ್‌ನಲ್ಲೇ 24 ಬಿಟ್ ವೇವ್ ಫೈಲ್ ಕಳಿಸಿ. ಬದಿಗೆ ಒಂದೇ ಫೈಲ್, ಟ್ರ್ಯಾಕ್‌ಗಳ ನಡುವಿನ ಮೌನ ಅದರೊಳಗೇ ಇರಲಿ, ಜೊತೆಗೆ ಆರಂಭದ ಸಮಯಗಳ ಪಟ್ಟಿ.

ಮೂಲ ತಟ್ಟೆಗೆ ಲ್ಯಾಕರ್ (ಮೆರುಗು ಬಳಿದದ್ದು) ಬೇಕೋ ಡಿಎಂಎಂ (ಡೈರೆಕ್ಟ್ ಮೆಟಲ್ ಮಾಸ್ಟರಿಂಗ್) ಬೇಕೋ ಎಂದು ತಟ್ಟೆ ಒತ್ತುವ ಘಟಕದವರು ಕೇಳಬಹುದು. ಲ್ಯಾಕರ್ ಮೆದು. ಪಕ್ಕದ ಗೀರಿನ ಜೋರು ಸ್ವರ ಮೌನದ ಗೀರಿಗೆ ಇಣುಕಿ, ಹಾಡು ಶುರುವಾಗುವ 1.8 ಸೆಕೆಂಡ್ (ತಟ್ಟೆಯ ಒಂದು ಸುತ್ತು) ಮೊದಲೇ ಅದರ ಛಾಯೆ ಕೇಳಬಹುದು. ನೇರ ತಾಮ್ರದಲ್ಲಿ ಕೊರೆಯುವ ಡಿಎಂಎಂನಲ್ಲಿ ಇದು ಕಡಿಮೆ. ನಿಮ್ಮ ಸಂಗೀತಕ್ಕೆ ನನ್ನ ಓಟು ಅದಕ್ಕೇ.

ಬಣ್ಣ: ಕಪ್ಪು ತೆಗೆದುಕೊಳ್ಳಿ. ಬಣ್ಣ ಬೇಕೇಬೇಕಾದರೆ ಒಂದೇ ಬಣ್ಣದ್ದು. ಸ್ಪ್ಲಾಟರ್ (ಬಣ್ಣ ಎರಚಿದಂಥದ್ದು), ಕತ್ತಲಲ್ಲಿ ಹೊಳೆಯುವ ಬಗೆ ಫೋಟೊಗೆ ಚೆಂದ, ಕಿವಿಗೆ ಜೂಜು. 180 ಗ್ರಾಂನಿಂದ ದನಿ ಸುಧಾರಿಸುವುದಿಲ್ಲ, ಕೊರಿಯರ್ ಬಿಲ್ ಏರುತ್ತದೆ. 140 ಧಾರಾಳ.

ಉಳಿಸಿದ ದುಡ್ಡು ಟೆಸ್ಟ್ ಪ್ರೆಸಿಂಗ್‌ಗೆ (ಪೂರ್ತಿ ಒತ್ತುವ ಮುಂಚಿನ ಪರೀಕ್ಷಾ ಪ್ರತಿಗಳಿಗೆ) ಹೋಗಲಿ. ಸಾಮಾನ್ಯವಾಗಿ 5 ಪ್ರತಿ ಬರುತ್ತವೆ. ಕನಿಷ್ಠ ಎರಡನ್ನು ಪೂರ್ತಿ, ಹೆಡ್‌ಫೋನ್‌ನಲ್ಲಿ, ಬೇರೆ ಬೇರೆ ಪ್ಲೇಯರ್‌ನಲ್ಲಿ ಕೇಳಿ, ಸದ್ದು ಬಂದ ನಿಮಿಷ-ಸೆಕೆಂಡ್ ಬರೆದಿಡಿ. ಟಿಕ್ ಎಲ್ಲ ಪ್ರತಿಗಳಲ್ಲೂ ಒಂದೇ ಜಾಗದಲ್ಲಿದ್ದರೆ ಸ್ಟ್ಯಾಂಪರ್ (ಒತ್ತುವ ಲೋಹದ ಅಚ್ಚು) ಅಥವಾ ಕಟಿಂಗ್ ದೋಷ, ಒಪ್ಪಿಗೆ ಕೊಡಬೇಡಿ. ಒಂದರಲ್ಲೇ ಇದ್ದರೆ ಆ ತಟ್ಟೆಯದ್ದು. ಬಟ್ಟೆ ಹರಿದಂಥ ಪರಪರ ಸದ್ದು ಬಂದರೆ ಒತ್ತುವಾಗ ಪಿವಿಸಿ ಗೀರಿನೊಳಗೆ ಪೂರ್ತಿ ತುಂಬಿಲ್ಲ ಎಂದರ್ಥ. ಎಳೆದ ಸ್ವರ 1.8 ಸೆಕೆಂಡಿಗೊಮ್ಮೆ ತೂಗಾಡಿದರೆ ನಡುವಿನ ತೂತು ಸರಿದಿದೆ. ಹಾಡಿನಲ್ಲಿ ಇದು ಅಡಗುತ್ತದೆ, ಡ್ರೋನ್‌ನಲ್ಲಿ (ಒಂದೇ ಸಮ ಎಳೆದ ಸ್ವರದಲ್ಲಿ) ಅಡಗಲ್ಲ. ಟೆಸ್ಟ್ ಪ್ರತಿ ಬಹುಪಾಲು ಕಪ್ಪಿನಲ್ಲೇ ಬರುವುದರಿಂದ ಬಣ್ಣದ ಗದ್ದಲ ಅದರಲ್ಲಿ ಗೊತ್ತಾಗುವುದಿಲ್ಲ, ನೆನಪಿರಲಿ.

100 ಪ್ರತಿಗೂ 300ಕ್ಕೂ ಕಟಿಂಗ್, ಪ್ಲೇಟಿಂಗ್ (ಲೋಹದ ಅಚ್ಚು ಮಾಡುವುದು) ಖರ್ಚು ಒಂದೇ, ಹಾಗಾಗಿ 100ರಲ್ಲಿ ತಲಾ ದರ ಚುಚ್ಚುತ್ತದೆ. ಹಾಗಂತ ಮಾರಲಾಗದ 200 ಮನೆಯಲ್ಲಿ ಪೇರಿಸಬೇಡಿ. 30–40 ಸಾಕೆನ್ನುವವರು ಒಂದೊಂದಾಗಿ ಕೊರೆಯುವ ಲೇತ್ ಕಟ್ ಮೊರೆಹೋಗುತ್ತಾರೆ. ಅದರಲ್ಲಿ ಹಿನ್ನೆಲೆ ಸದ್ದು ಹೆಚ್ಚು, ನಿಮಗೆ ಬೇಡ. ಇನ್ನೊಂದು: ಘಟಕಗಳು ಆರ್ಡರ್‌ಗಿಂತ ಶೇ. 10ರಷ್ಟು ಹೆಚ್ಚೋ ಕಡಿಮೆಯೋ ಕೊಡುವ ಹಕ್ಕು ಇಟ್ಟುಕೊಂಡಿರುತ್ತವೆ. ಜಾಕೆಟ್ ಮೇಲೆ ‘100ರಲ್ಲಿ’ ಅಂತ ಮುದ್ರಿಸಿಬಿಟ್ಟು 93 ಬಂದರೆ ಫಜೀತಿ. ತಟ್ಟೆ ಕೈಗೆ ಬಂದ ಮೇಲೆ ಎಣಿಸಿ, ಕೈಯಲ್ಲೇ ಸಂಖ್ಯೆ ಬರೆಯಿರಿ.

ಒಳಕವರು ಬರೀ ಕಾಗದದ್ದಾದರೆ ನಾರು, ಗೀಚು ಎರಡೂ ಉಚಿತ. ಪಾಲಿ ಲೈನಿಂಗ್ ಇರುವ ಆಂಟಿಸ್ಟ್ಯಾಟಿಕ್ ಒಳಕವರು ಕೇಳಿ. ಅಂಚೆಗೆ ಹಾಕುವಾಗ ತಟ್ಟೆಯನ್ನು ಒಳಕವರಿನ ಸಮೇತ ಜಾಕೆಟ್‌ನಿಂದ ಹೊರತೆಗೆದು ಅದರ ಹಿಂದೆ ಇಟ್ಟು, ಎರಡನ್ನೂ ಹೊರಗಿನ ಪ್ಲಾಸ್ಟಿಕ್ ಕವರಿಗೆ ಸೇರಿಸಿ, ಎರಡೂ ಕಡೆ ಗಟ್ಟಿ ರಟ್ಟು ಕೊಡಿ. ಇಲ್ಲದಿದ್ದರೆ ಪಾರ್ಸೆಲ್ ಬಿದ್ದ ಒಂದೇ ಏಟಿಗೆ ತಟ್ಟೆಯ ಅಂಚು ಜಾಕೆಟ್‌ನ ಅಂಟಿಸಿದ ಅಂಚನ್ನು ಸೀಳಿ ಬರುತ್ತದೆ. ಏಪ್ರಿಲ್-ಮೇನಲ್ಲಿ ಬಿಗಿ ಶ್ರಿಂಕ್‌ರಾಪ್ ಬೇಡ, ಬಿಸಿಲಿಗೆ ಅದು ಎಳೆದು ತಟ್ಟೆ ಸೊಟ್ಟಗಾಗುತ್ತದೆ.