ಎಸ್‌ಯು ಕಾರ್ಬೊರೇಟರ್ ಬಿಚ್ಚಿ ಎಸೆಯುವ ಮುಂಚೆ

ಪ್ರಶ್ನೆ: ನಮ್ಮೂರು ಹಾಸನ, ಕೆಲಸ ಕೊವೆಂಟ್ರಿಯಲ್ಲಿ. ಹೋದ ವರ್ಷ 1969ರ ಎಂಜಿಬಿ ಜಿಟಿ ಎಂಬ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಕೊಂಡೆ. ಸ್ಟಾರ್ಟಿಂಗ್ ಚೆನ್ನಾಗಿದೆ. ಆದರೆ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಎಳೆಯುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಎರಡೂ ಎಸ್‌ಯು ಕಾರ್ಬೊರೇಟರ್ ತೆಗೆದು ವೆಬರ್ ಕಂಪನಿಯದೊಂದು ಹಾಕಿಸು ಅಂತ ಗೆಳೆಯರು ಹೇಳುತ್ತಿದ್ದಾರೆ. ಹಾಕಿಸಲಾ ಸರ್?

ಉತ್ತರ: ಈಗಲೇ ಬೇಡ. ನೀವು ಹೇಳುತ್ತಿರುವ ತೊಂದರೆಗೆ ಎಷ್ಟೋ ಸಲ ಸ್ವಲ್ಪ ಎಂಜಿನ್ ಆಯಿಲ್ ಹಾಕಿದರೆ ಸಾಕಾಗುತ್ತದೆ.

ಎಸ್‌ಯು ಮೇಲಿರುವ ಆ ಅಲ್ಯೂಮಿನಿಯಂ ಗುಮ್ಮಟದೊಳಗೆ ಒಂದು ಪಿಸ್ಟನ್ ಇದೆ. ಎಂಜಿನ್ ಗಾಳಿ ಎಳೆದಂತೆಲ್ಲ ಅದು ಮೇಲೇಳುತ್ತದೆ. ಅದರ ಅಡಿಯಲ್ಲಿ ಚೂಪಾದ ಸೂಜಿ ಇದೆ. ಸೂಜಿ ಜೆಟ್ಟಿನಿಂದ, ಅಂದರೆ ಪೆಟ್ರೋಲ್ ಬರುವ ಪುಟ್ಟ ತೂತಿನಿಂದ, ಮೇಲೆ ಬಂದಷ್ಟೂ ಪೆಟ್ರೋಲ್ ಜಾಸ್ತಿ ಹರಿಯುತ್ತದೆ. ನೀವು ಥಟ್ಟನೆ ಒತ್ತಿದಾಗ ಪಿಸ್ಟನ್ ಒಂದೇ ಏಟಿಗೆ ಹಾರಿಬಿಟ್ಟರೆ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಸಾಲುವುದಿಲ್ಲ. ಅದನ್ನು ನಿಧಾನವಾಗಿ ಏಳುವಂತೆ ಹಿಡಿಯುವುದು ಮೇಲಿನ ಕೊಳವೆಯಲ್ಲಿರುವ ಆಯಿಲ್. ಅದು ಒಣಗಿದರೆ ಕಾರು ನಿಮ್ಮ ಕಾರಿನ ಹಾಗೇ ಮುಗ್ಗರಿಸುತ್ತದೆ.

ಗುಮ್ಮಟದ ನೆತ್ತಿಯ ಮುಚ್ಚಳ ತಿರುಗಿಸಿ ಎತ್ತಿ. ಒಂದು ಕಡ್ಡಿ ಜೊತೆಗೇ ಬರುತ್ತದೆ. ಆಯಿಲ್ ಕಾಣದಿದ್ದರೆ 20ಡಬ್ಲ್ಯು-50 ಹಾಕಿ. ಕಡ್ಡಿಯನ್ನು ಮತ್ತೆ ಇಳಿಸುವಾಗ, ಮುಚ್ಚಳ ಕೂರುವ ಸ್ವಲ್ಪ ಮುಂಚೆಯೇ ಬೆರಳಿಗೆ ತಡೆ ಸಿಗಬೇಕು. ಅಷ್ಟಿದ್ದರೆ ಸಾಕು. ಇನ್ನೊಂದು ಕಾರ್ಬೊರೇಟರ್‌ಗೂ ಇದನ್ನೇ ಮಾಡಿ. ಹಾಗೇ ಏರ್ ಫಿಲ್ಟರ್ ಬಿಚ್ಚಿ, ಪಿಸ್ಟನ್ನನ್ನು ಬೆರಳಿನಿಂದ ಮೇಲೆತ್ತಿ ಬಿಡಿ. ಕೊನೆಯಲ್ಲಿ ‘ಟಕ್’ ಅಂತ ಲೋಹದ ಸದ್ದು ಬರಬೇಕು. ಬರದಿದ್ದರೆ ಸೂಜಿ ಜೆಟ್ಟಿಗೆ ಉಜ್ಜುತ್ತಿದೆ ಅಥವಾ ಒಳಗೆ ಕೊಳೆ ಕೂತಿದೆ ಅಂತ ಅರ್ಥ.

ಇದಾದ ಮೇಲೂ ಮುಗ್ಗರಿಸಿದರೆ, ಮೊದಲು ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲಿನ ಸಂದು) ನೋಡಿ, ಎಂಜಿನ್ ತಣ್ಣಗಿದ್ದಾಗ 15 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ), ಅಂದರೆ 0.38 ಮಿ.ಮೀ. ಆಮೇಲೆ ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್) ಗ್ಯಾಪ್, ಅದೂ 15 ಥೌ. ಪ್ಲಗ್ 25 ಥೌ. ನಂತರ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ. ಇಷ್ಟೂ ಸರಿಯಾದ ಮೇಲಷ್ಟೇ ಕಾರ್ಬೊರೇಟರ್ ಟ್ಯೂನಿಂಗ್‌ಗೆ ಕೈ ಹಾಕಿ. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ಪಾಯಿಂಟ್ ಸವೆದಿರುತ್ತದೆ, ಬೈಗುಳ ಎಸ್‌ಯುಗೆ!

ಮಿಕ್ಸ್‌ಚರ್ (ಗಾಳಿ-ಪೆಟ್ರೋಲ್ ಬೆರಕೆ) ನೋಡಲು ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಕಾರ್ಬೊರೇಟರ್ ಪಕ್ಕದ ಪುಟ್ಟ ಪಿನ್ನಿನಿಂದ ಪಿಸ್ಟನ್ನನ್ನು ಒಂದು ಕೂದಲೆಳೆಯಷ್ಟು ಎತ್ತಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ನಿಂತುಹೋಗುವ ಹಾಗಾದರೆ ಕಡಿಮೆ. ಚೂರು ಏರಿ ಮತ್ತೆ ಮೊದಲಿನಂತಾದರೆ ಸರಿಯಾಗಿದೆ. ಒಂದು ಎಚ್ಚರಿಕೆ: ಈ ಎಂಜಿನ್ನಿನಲ್ಲಿ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಇರುವುದು ಕಾರ್ಬೊರೇಟರ್‌ಗಳ ಕೆಳಗೇ. ಗಾಳಿ ಲೀಕ್ ಹುಡುಕಲು ಹೊತ್ತಿಕೊಳ್ಳುವ ಸ್ಪ್ರೇ ಹೊಡೆಯಬೇಡಿ.

ಪೆಟ್ರೋಲ್ ಹೋಸ್ ಪೈಪನ್ನೂ ಬಗ್ಗಿಸಿ ನೋಡಿ. 2021ರ ಸೆಪ್ಟೆಂಬರ್‌ನಿಂದ ಬ್ರಿಟನ್ನಿನ ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲ್ ಅಂದರೆ ಇ10, ಶೇಕಡಾ 10ರವರೆಗೆ ಎಥನಾಲ್ ಬೆರೆಸಿದ್ದು. ಅದರಲ್ಲಿರುವ ಎಥನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ. ಬಿರುಕು ಕಂಡರೆ ಎಥನಾಲ್ ತಡೆಯುವ ಹೊಸ ಪೈಪ್ ಹಾಕಿ, ಸಾಧ್ಯವಾದಷ್ಟೂ ಇ5 ಇರುವ ಸೂಪರ್ ಪೆಟ್ರೋಲನ್ನೇ ತುಂಬಿಸಿ. ಊರಿನಲ್ಲಿ ಹಳೇ ಕಾರು ಇಟ್ಟುಕೊಂಡವರಿಗೂ ಈ ಮಾತು ಹೇಳಿ, ಅಲ್ಲಿ ಈಗ ಇ20 ಅಲ್ವಾ.

ವೆಬರ್ ಕೆಟ್ಟದ್ದೇನಲ್ಲ. ಹೆಡ್, ಕ್ಯಾಮ್ ಎಲ್ಲ ಬದಲಿಸಿ ಜೋರು ಓಡಿಸುವವರಿಗೆ ಅದು ಸರಿ. ನಿಮ್ಮ 1798 ಸಿಸಿ ಎಂಜಿನ್ ಕಂಪನಿ ಕೊಟ್ಟ ಹಾಗೇ ಇದ್ದರೆ ಆ ದುಡ್ಡನ್ನು ಟೈರು, ಬ್ರೇಕಿಗೆ ಹಾಕಿ.

ಪ್ರಶ್ನೆ: ನಾನು ಬ್ರಿಸ್ಟಲ್‌ನಲ್ಲಿದ್ದೇನೆ. ನನ್ನದು 1966ರ ಎಂಜಿಬಿ ರೋಡ್‌ಸ್ಟರ್. ಫೋನ್ ಚಾರ್ಜ್ ಮಾಡಲು ಒಂದು ಸಾಕೆಟ್ ಕೂರಿಸಬಹುದಾ? ಎರಡನೆಯದು, ಬಾಗಿಲ ಕೆಳಗಿನ ಸಿಲ್ ತುಕ್ಕು ಹಿಡಿದಿದೆ. ನಾನೇ ವೆಲ್ಡಿಂಗ್ ಕಲಿತು ಹಾಕಬೇಕೆಂಬ ಆಸೆ ಇದೆ.

ಉತ್ತರ: ಮೇಡಂ, ಸಾಕೆಟ್‌ಗೆ ಅವಸರ ಮಾಡಬೇಡಿ. ನಿಮ್ಮ ಕಾರು ಪಾಸಿಟಿವ್ ಅರ್ಥ್. ಅಂದರೆ ಬ್ಯಾಟರಿಯ ಪ್ಲಸ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿರುತ್ತಾರೆ. ಈಗಿನ ಚಾರ್ಜರ್ ಸುಮ್ನೆ ಚುಚ್ಚಿದರೆ ಸುಟ್ಟುಹೋಗಬಹುದು. ನೆಗೆಟಿವ್ ಅರ್ಥ್‌ಗೆ ಬದಲಿಸಬಹುದು, ಆದರೆ ಬ್ಯಾಟರಿ ವೈರ್ ಅದಲು ಬದಲು ಮಾಡಿದರೆ ಮುಗಿಯಲಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಡೈನಮೊಗೆ ಹೊಸದಾಗಿ ಧ್ರುವ ಕೊಡಬೇಕು, ಕಾಯಿಲ್ ವೈರ್ ತಿರುಗಿಸಬೇಕು, ಆರ್‌ಪಿಎಂ ಮೀಟರನ್ನು ಒಳಗಿನಿಂದ ಬದಲಿಸಬೇಕು. ಆಮೇಲೆ ಬಾನೆಟ್ ಕೆಳಗೆ ದೊಡ್ಡದಾಗಿ ಬರೆದು ಅಂಟಿಸಿ, ಮುಂದೆ ಕೈ ಹಾಕುವವರಿಗೆ ಗೊತ್ತಾಗಲಿ.

ಸಿಲ್ ವಿಷಯ ದೊಡ್ಡದು. ಎಂಜಿಬಿಗೆ ಬೇರೆ ಚಾಸಿ ಇಲ್ಲ. ಅದರಲ್ಲೂ ರೋಡ್‌ಸ್ಟರ್‌ಗೆ ಮೇಲೆ ರೂಫೂ ಇಲ್ಲ. ಕಾರಿನ ನಡು ಹಿಡಿದಿರುವುದು ಹೆಚ್ಚಾಗಿ ಆ ಸಿಲ್‌ಗಳೇ. ಹೊರಗಿನ ತಗಡಿನ ಹಿಂದೆ ಒಂದು ನಡು ಪದರ, ಅದರ ಹಿಂದೆ ಒಳ ಸಿಲ್, ಕೆಳಗೆ ಕ್ಯಾಸಲ್ ರೇಲ್ ಎಂಬ ಉದ್ದನೆಯ ತಗಡಿನ ಪಟ್ಟಿ ಇರುತ್ತದೆ. ತುಕ್ಕು ಹಿಡಿದದ್ದರ ಮೇಲೇ ಹೊಸ ತಗಡು ಹೊದಿಸಿ ಪೇಂಟ್ ಹೊಡೆದ ಕಾರುಗಳನ್ನು ನಾನು ತುಂಬಾ ನೋಡಿದ್ದೇನೆ. ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್ ಹಿಡಿದು ನೋಡಿ. ಜಾರಿ ಬಿದ್ದ ಕಡೆ ಪೇಂಟಿನಡಿ ಬರೀ ಪುಟ್ಟಿ ಇದೆ ಅಂತ ತಿಳಿಯಿರಿ. ಜಾಕ್ ಏರಿಸುವಾಗ ಬಾಗಿಲ ಹಿಂದಿನ ಸಂದು ಕಿರಿದಾದರೂ ಅಗಲವಾದರೂ ಆ ಕಾರನ್ನು ರಸ್ತೆಗೆ ಇಳಿಸಬೇಡಿ. 40 ವರ್ಷ ದಾಟಿದ, ದೊಡ್ಡ ಬದಲಾವಣೆ ಆಗದ ಕಾರಿಗೆ ಬ್ರಿಟನ್ನಿನಲ್ಲಿ ಎಂಒಟಿ ಪರೀಕ್ಷೆ (ವರ್ಷಕ್ಕೊಮ್ಮೆಯ ವಾಹನ ಸುರಕ್ಷತಾ ತಪಾಸಣೆ) ಕಡ್ಡಾಯವಲ್ಲ. ಆದರೂ ನೀವಾಗಿಯೇ ಮಾಡಿಸಿ.

ವೆಲ್ಡಿಂಗ್ ಖಂಡಿತ ಕಲಿಯಿರಿ, ಆದರೆ ಮೊದಲು ಬೇಡದ ತಗಡಿನ ಮೇಲೆ. ಕಾರು ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡಲಾಗಿ ಗಟ್ಟಿ ಕಬ್ಬಿಣದ ಬ್ರೇಸ್ ಕೂರಿಸಿ. ನನ್ನ ಮೊದಲ ಕಾರಿನಲ್ಲಿ ನಾನು ಇದನ್ನು ಬಿಟ್ಟೆ. ಹೊಸ ಸಿಲ್ ಅಚ್ಚುಕಟ್ಟಾಗಿ ಕೂತಿತು, ಬಾಗಿಲು ಮಾತ್ರ ಮುಚ್ಚಲಿಲ್ಲ. ಮಾಡಿದ್ದೆಲ್ಲ ಕತ್ತರಿಸಿ ತೆಗೆದು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಆದ್ದರಿಂದ ಒಂದು ಸಲಕ್ಕೆ ಒಂದೇ ಬದಿ ಬಿಚ್ಚಿ. ಹೊರಗಿನ ಸಿಲ್ಲನ್ನು ಮೊದಲು ಕ್ಲ್ಯಾಂಪ್ ಹಾಕಿ ಹಿಡಿಸಿ, ಬಾಗಿಲು ತೂಗುಹಾಕಿ, ಹತ್ತು ಸಲ ತೆಗೆದು ಮುಚ್ಚಿ ನೋಡಿ, ಆಮೇಲೆ ವೆಲ್ಡಿಂಗ್ ಮಾಡಿ.